ಲೋಬಾನದ ಐದು ನಿಮಿಷ

ಅತ್ತೆ ಬರುತ್ತಾರೆಂದು ಗೊತ್ತಾದ ದಿನ ಗಾನವಿ ಮಾಡಿದ ಮೊದಲ ಕೆಲಸವೆಂದರೆ, ಮನೆಯಲ್ಲಿದ್ದ ಬೆಂಕಿಪೊಟ್ಟಣ, ಲೈಟರು, ಕರ್ಪೂರದ ಡಬ್ಬಿ, ಕಡೆಗೆ ಬರ್ತ್‌ಡೇ ಕೇಕಿನ ಮೇಣದಬತ್ತಿಗಳನ್ನೂ ಒಂದು ಐಸ್‌ಕ್ರೀಮ್ ಡಬ್ಬಿಗೆ ತುಂಬಿ ಗ್ಯಾರೇಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು. ಮೆಲ್ಬರ್ನ್‌ನ ಅಂಚಿನ ಟಾರ್ನೀಟ್‌ನ ಆ ಮನೆಯಲ್ಲಿ ಬೆಂಕಿ ಮೊದಲೇ ಕಡಿಮೆ. ಒಲೆ ಇಂಡಕ್ಷನ್. ದೇವರ ಮುಂದಿನ ದೀಪ ಬ್ಯಾಟರಿಯದು. ದೀಪಾವಳಿಗೆ ಪಕ್ಕದ ಬೀದಿಯವರು ಸುರಸುರಬತ್ತಿ ಹಚ್ಚಿದರೆ ಈ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು.

“ಅವ್ವನಿಗೆ ಎಪ್ಪತ್ತು ದಾಟ್ತು ಗಾನವಿ. ಮನೆ ಸುಡೋಕೆ ಬರ್ತಿದಾಳಾ?” ಎಂದ ಗಂಡ ಸಂಕೇತ.

“ಒಂದ್ಸಲ ಮಾಡಿದ್ದು ಸಾಲದಾ?”

ಸಂಕೇತ ಸುಮ್ಮನಾದ. ಸುಮ್ಮನಾಗುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕುವ ಜಾತಿಯವನು. ಒಳ್ಳೆಯವನು, ಸುಳ್ಳಲ್ಲ. ಆದರೆ ಇಂಥ ಒಳ್ಳೆಯವರಿಂದ ಸಂಸಾರದಲ್ಲಿ ಆಗುವಷ್ಟು ಅನಾಹುತ ಕೆಟ್ಟವರಿಂದಲೂ ಆಗುವುದಿಲ್ಲ.

ಅವನ ತಾಯಿ ಬಸಕ್ಕ ಧಾರವಾಡದವಳು. ಏಳು ವರ್ಷದಿಂದ ಸಿಡ್ನಿಯ ಟೂಂಗ್ಯಾಬಿಯಲ್ಲಿ ಹಿರಿಯ ಮಗ ಪ್ರಮೋದನ ಮನೆಯಲ್ಲಿದ್ದಾಳೆ. ಈಗ ಪ್ರಮೋದನ ಹೆಂಡತಿಯ ತಮ್ಮನಿಗೆ ಬೆಳಗಾವಿಯಲ್ಲಿ ಮದುವೆ. ಅವರು ಹೊರಟದ್ದು ಆರು ವಾರಕ್ಕೆ. ಬಸಕ್ಕ ಹೋಗುವಂತಿರಲಿಲ್ಲ. ಪೇರೆಂಟ್ ವೀಸಾಕ್ಕೆ ಅರ್ಜಿ ಹಾಕಿ, ಅದು ಸಿಗುವ ತನಕದ ಬ್ರಿಡ್ಜಿಂಗ್ ವೀಸಾದ ಮೇಲೆ ಕೂತವಳು ದೇಶ ಬಿಟ್ಟರೆ ತಿರುಗಿ ಬರುವ ಖಾತ್ರಿಯಿಲ್ಲ. ಬೇರೆ ದಾರಿ ಇಲ್ಲದೆ ಕಿರಿಯ ಮಗನ ಮನೆಗೆ ಬಂದಳು.

ಏಳು ವರ್ಷದ ಹಿಂದೆ ಆದದ್ದು ಇಷ್ಟು. ಆಗ ಸಂಕೇತ, ಗಾನವಿ ಇಬ್ಬರೂ ಸಿಡ್ನಿಯಲ್ಲೇ ಇದ್ದರು. ಇಬ್ಬರದೂ ನಾರ್ತ್ ಸಿಡ್ನಿಯಲ್ಲಿ ಕೆಲಸ. ಮಗಳು ಪ್ರಾರ್ಥನಾ ಹುಟ್ಟಿದ್ದು ಇಪ್ಪತ್ತನಾಲ್ಕನೇ ವಾರಕ್ಕೆ, ತುಂಬಬೇಕಾದ ದಿನಕ್ಕಿಂತ ನಾಲ್ಕು ತಿಂಗಳು ಮೊದಲು. ತೂಕ ಆರುನೂರಾ ಮೂವತ್ತು ಗ್ರಾಂ. ಅಪ್ಪನ ಉಂಗುರ ಮಗುವಿನ ತೋಳಿಗೆ ಬಳೆಯಾಗುತ್ತಿತ್ತು. ನಲವತ್ತಾರು ದಿನ ಅವಳ ಪರವಾಗಿ ಯಂತ್ರ ಉಸಿರಾಡಿತು. ಆಮೇಲೆ ಮಾಸ್ಕು, ಆಮೇಲೆ ಮೂಗಿಗೆ ನಳಿಗೆ. ನಾಲ್ಕೂವರೆ ತಿಂಗಳಿಗೆ ಮನೆಗೆ ಬಂದಾಗಲೂ ಮೂಗಿನಲ್ಲಿ ಸಣ್ಣ ನಳಿಗೆ, ತೊಟ್ಟಿಲ ಪಕ್ಕ ಆಕ್ಸಿಜನ್ ಸಿಲಿಂಡರು.

ಬಾಣಂತನಕ್ಕೆಂದು ಬಸಕ್ಕ ಧಾರವಾಡದಿಂದ ಬಂದಳು. ಮನೆಗೆ ಬರುತ್ತಿದ್ದ ನರ್ಸ್ ಮಗನ ಬಾಯಿಂದ ಹೇಳಿಸಿ ಹೇಳಿಸಿ ಅವಳಿಗೆ ಮನವರಿಕೆ ಮಾಡಿದ್ದು ಒಂದೇ ಮಾತು: ಆಕ್ಸಿಜನ್ ಹತ್ತಿರ ಬೆಂಕಿ ತರಬಾರದು. ಬಸಕ್ಕ ಅದನ್ನು ಮರೆಯಲಿಲ್ಲ. ಒಂದು ಮಧ್ಯಾಹ್ನ ಗಾನವಿ ಕೆಮಿಸ್ಟ್ ಅಂಗಡಿಗೆ ಹೋದಾಗ ಮಗುವಿಗೆ ಎಣ್ಣೆ ಹಚ್ಚಿ ಎರೆದಳು. ಎರೆದ ಕೂಸಿಗೆ ಲೋಬಾನ ಹಾಕದೆ ಮಲಗಿಸುವುದು ಅವಳ ತಾಯಿಯ ಮನೆಯಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ತೆಂಗಿನ ಕರಟವನ್ನು ಗ್ಯಾಸ್ ಮೇಲೆ ಸುಟ್ಟು ಕೆಂಡ ಮಾಡಿ ಸ್ಟೀಲ್ ಬಟ್ಟಲಿಗೆ ಹಾಕಿದಳು. ಬೆಂಕಿ ಬಂತಲ್ಲ, ನರ್ಸ್ ಹೇಳಿದಂತೆ ಮೊದಲು ಸಿಲಿಂಡರಿನ ತಿರುಪು ಬಿಗಿಮಾಡಿ, ಮಗುವಿನ ಮೂಗಿನ ನಳಿಗೆ ತೆಗೆದು ದೂರ ಇಟ್ಟಳು. ಆಮೇಲೆ ಲೋಬಾನ, ಅಜವಾನ ಉದುರಿಸಿ, ಕೂಸನ್ನು ಹೊಗೆಯ ಮೇಲೆ ಐದು ನಿಮಿಷ ಆಡಿಸಿದಳು. ಗಾನವಿ ಬಾಗಿಲು ತೆಗೆದು ಒಳಗೆ ಬಂದಾಗ ಮಗುವಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಆಂಬುಲೆನ್ಸ್ ಬಂತು. ಮಗು ಮತ್ತೆ ಹನ್ನೊಂದು ದಿನ ಯಂತ್ರದ ಮೇಲೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಗಾನವಿ, “ನನ್ನ ಮಗಳ ಉಸಿರು ತೆಗೆದುಬಿಟ್ರಿ ನೀವು. ಇನ್ನು ಅವಳನ್ನ ಮುಟ್ಬೇಡಿ” ಎಂದಳು. ಬಸಕ್ಕ ಅದೇ ವಾರ ಹಿರಿಯ ಮಗನ ಮನೆಗೆ ಹೋದಳು. ವರ್ಷ ತುಂಬುವಷ್ಟರಲ್ಲಿ ಸಂಕೇತ ಮೆಲ್ಬರ್ನ್‌ನಲ್ಲಿ ಕೆಲಸ ಹುಡುಕಿಕೊಂಡ. ಆಮೇಲೆ ಎರಡು ಸಮಾರಂಭಗಳಲ್ಲಿ ಭೇಟಿಯಾಗಿದ್ದಿದೆ. ಬಸಕ್ಕ ದೂರದಲ್ಲೇ ಕುರ್ಚಿ ಹಾಕಿಕೊಂಡು ಕೂತು ಮೊಮ್ಮಗಳನ್ನು ನೋಡಿದ್ದಳು.

ಈಗ ಎರಡು ಬ್ಯಾಗು ಹಿಡಿದು ಬಂದಿಳಿದವಳು ಮೊದಲ ದಿನವೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಐದು ಕಿಲೋ ಜೋಳದ ಹಿಟ್ಟು ಅಡುಗೆಮನೆಗೆ ದಾಟಿಸಿದಳು.

“ಜೋಳದ ಹಿಟ್ಟು ಇಲ್ಲೇ ಸಿಗುತ್ತೆ ಅತ್ತೆ, ಹೊತ್ಕೊಂಡು ಯಾಕೆ ಬಂದ್ರಿ?”

“ಇರ್ಲಿ ತಗೋವಾ. ಬರಿಗೈಲೆ ಹೆಂಗ ಬರೂದು?”

ಪ್ರಾರ್ಥನಾ ಸೋಫಾದ ಹಿಂದಿನಿಂದ ಇಣುಕಿದಳು. ಏಳು ತುಂಬಿ ಎಂಟಕ್ಕೆ ಬಿದ್ದವಳು. ನೋಡಿದರೆ ಐದು ಅನ್ನಬೇಕು. ದಪ್ಪ ಕನ್ನಡಕ. ಗಂಟಲಿಗೆ ತಿಂಗಳುಗಟ್ಟಲೆ ನಳಿಗೆ ಹಾಕಿದ್ದರಿಂದ ದನಿ ಒಡೆದು, ನೆಗಡಿಯಾದ ಮುದುಕಿಯ ದನಿಯ ಹಾಗಿತ್ತು. ಮಾತು ಮಾತ್ರ ಅರಳು ಹುರಿದಂತೆ.

“ಅಜ್ಜೀ, ಆರ್ ಯೂ ಸ್ಲೀಪಿಂಗ್ ಇನ್ ಮೈ ರೂಮ್?”

“ನಿಮ್ಮವ್ವ ಎಲ್ಲಿ ಅಂತಾಳ ಅಲ್ಲಿ ಮಲಗತೀನಿ ಯವ್ವಾ.”

“ಅಜ್ಜಿ ಸ್ಟಡಿ ರೂಮಲ್ಲಿ ಮಲಗ್ತಾರೆ,” ಎಂದಳು ಗಾನವಿ.

ಮೊದಲ ಸಂಜೆಯೇ ಊಟದ ಮೇಲೆ ಇರುಸುಮುರುಸಾಯಿತು. ಆರೂವರೆಗೆ ನಾಲ್ಕು ತಟ್ಟೆ ಹಾಕಿ ಕರೆದರೆ ಬಸಕ್ಕ ಏಳಲಿಲ್ಲ.

“ನನಗ ಒಪ್ಪೊತ್ತವಾ. ಮಧ್ಯಾಹ್ನ ಉಂಡೇನಲ್ಲ.”

“ಇವತ್ತು ಸೋಮವಾರ ಅಲ್ವಲ್ಲ?”

“ನಂದು ಎಲ್ಲಾ ವಾರ.”

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಬಿಸಿಬೇಳೆಬಾತು ಮಾಡಿದರೂ ಇಲ್ಲ, ಚಪಾತಿ ಮಾಡಿದರೂ ಇಲ್ಲ. ಗಾನವಿ ತುಮಕೂರಿನ ಕಡೆಯವಳು. ಮನೆಗೆ ಬಂದವರು ಉಣ್ಣದೆ ಮಲಗಿದರೆ ಅದು ಮನೆಯಾಕೆಗೆ ಮಾಡಿದ ಅವಮಾನ ಎಂದು ಕೇಳಿಕೊಂಡು ಬೆಳೆದವಳು.

“ನನ್ನ ಕೈ ಅಡುಗೆ ಅಂದ್ರೆ ನಿಮ್ಮಮ್ಮಂಗೆ ಅಷ್ಟು ಅಸಹ್ಯನಾ?” ಎಂದು ಗಂಡನನ್ನು ಕೇಳಿದಳು.

“ಶುಗರ್ ಇರ್ಬೇಕು. ಪ್ರಮೋದಣ್ಣನ ಮನೇಲೂ ರಾತ್ರಿ ಉಣ್ಣಲ್ಲವಂತೆ.”

“ಶುಗರ್ ಇದ್ದೋರು ಉಪವಾಸ ಇರ್ತಾರಾ? ಕೇಳು.”

ಸಂಕೇತ ಕೇಳಲಿಲ್ಲ.

ಗಾನವಿಗೆ ವಾರದಲ್ಲಿ ಮೂರು ದಿನ ಸಿಟಿಯ ಆಫೀಸು. ಆ ಮೂರು ದಿನ ಮಗಳನ್ನು ಶಾಲೆಯಿಂದ ಕರೆತರುವ ಕೆಲಸ ಬಸಕ್ಕನ ಪಾಲಿಗೆ ಬಂತು. ಶಾಲೆ ಎರಡು ಬೀದಿ ಆಚೆ. ಗಾನವಿ ಫ್ರಿಜ್ಜಿಗೆ ಒಂದು ಚೀಟಿ ಅಂಟಿಸಿ, ಉಸಿರು ಕಟ್ಟಿದರೆ ಔಷಧಿ ಎಳೆಯುವ ಪಫರನ್ನು ಪ್ಲಾಸ್ಟಿಕ್ ಬುರುಡೆಗೆ ಸಿಕ್ಕಿಸಿ ಹೇಗೆ ಕೊಡಬೇಕೆಂದು ತೋರಿಸಹೊರಟಳು. ಬಸಕ್ಕ ಆ ಬುರುಡೆಯನ್ನು ತೆಗೆದುಕೊಂಡು, ಪಫರ್ ಅಲ್ಲಾಡಿಸಿ ಸಿಕ್ಕಿಸಿ, “ನಾಕು ಸಲ ಒತ್ತಬೇಕು. ಒಂದೊಂದಕ್ಕ ನಾಕು ಉಸುರು. ಆಮ್ಯಾಲೆ ನಾಕು ನಿಮಿಷ ಕಾಯಬೇಕು. ಹೌದಿಲ್ಲೋ?” ಎಂದಳು.

“ಯಾರು ಹೇಳ್ಕೊಟ್ರು?”

“ಟೂಂಗ್ಯಾಬಿ ಲೈಬ್ರರಿಯೊಳಗ ಕಲಿಸಾಕ ಬಂದಿದ್ರು. ನಾಕು ಸಲ ಹೋಗಿ ಕಲತೇನಿ.”

ಕಲಿತದ್ದು ಯಾರಿಗಾಗಿ ಎಂದು ಗಾನವಿ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಜಗಳ ಒಂದಾದರೂ ತಪ್ಪುತ್ತಿತ್ತೋ ಏನೋ.

ಮೇ ತಿಂಗಳು. ಶಾಲೆಯಲ್ಲಿ ಕ್ರಾಸ್ ಕಂಟ್ರಿ ಓಟದ ಗಲಾಟೆ. ಗಾನವಿ ಪ್ರತಿವರ್ಷದಂತೆ ಟೀಚರಿಗೆ ಈಮೇಲ್ ಬರೆದು ಮಗಳನ್ನು ಓಟದಿಂದ ಬಿಡಿಸಿದ್ದಳು. ಓಡಿ ಬಂದವರಿಗೆ ಸ್ಟಿಕರ್ ಹಂಚುವುದು ಪ್ರಾರ್ಥನಾಳ ಕೆಲಸ. ಅವಳಿಗೆ ಅದು ಸುತರಾಂ ಇಷ್ಟವಿರಲಿಲ್ಲ.

“ಐ ಹೇಟ್ ಸ್ಟಿಕರ್ಸ್. ಐ ವಾಂಟ್ ಟು ರನ್, ಅಜ್ಜಿ.”

“ಓಡು. ಎಷ್ಟ ಆಗತೈತಿ ಅಷ್ಟು ಓಡು. ಸಾಕಾದ ಕೂಡಲೇ ನಿಲ್ಲು. ನಾ ಹಿಂದ ಅದೀನಿ.”

ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಮೊಮ್ಮಗಳ ಗುಟ್ಟಿನ ಓಟ ಶುರುವಾಯಿತು. ಮೊದಲ ವಾರ ಪ್ರಾರ್ಥನಾ ಮೂರು ಮನೆ ದಾಟಿ ನಿಂತು ಸೊಂಟಕ್ಕೆ ಕೈಕೊಟ್ಟು ಕೆಮ್ಮಿದಳು. ಎರಡನೆಯ ವಾರ ನಾಲ್ಕು ಮನೆ. ಮೂರನೆಯ ವಾರದ ಕೊನೆಗೆ ಆರು. ಬಸಕ್ಕನ ಮುಖದ ಮೇಲೆ ಬಂದ ಕಳೆ ನೋಡಿ, “ಅವ್ವಗ ಇಲ್ಲಿಯ ಹವಾ ಹಿಡಿಸೇದ” ಎಂದ ಸಂಕೇತ. ಅವಳ ಮನಸ್ಸಿನಲ್ಲಿ ನಡೆಯುತ್ತಿದ್ದ ಲೆಕ್ಕವೇ ಬೇರೆ.

ಅದು ಹೊರಬಿದ್ದದ್ದು ಮಗುವಿನ ಬಾಯಿಂದ. ಒಂದು ಸಂಜೆ ಪ್ರಾರ್ಥನಾ ಪಲ್ಯ ಬೇಡವೆಂದು ತಟ್ಟೆ ದೂಡಿದಳು. ಗಾನವಿ, “ತಿನ್ನದೇ ಇದ್ರೆ ಲಂಗ್ಸ್ ಗಟ್ಟಿ ಆಗಲ್ಲ” ಎಂದು ಗದರಿದಳು.

“ಇಟ್ಸ್ ಓಕೆ ಮಮ್ಮಾ. ಅಜ್ಜಿ ಈಸ್ ನಾಟ್ ಈಟಿಂಗ್ ಸೋ ಮೈ ಲಂಗ್ಸ್ ವಿಲ್ ಗೆಟ್ ಬೆಟರ್. ಶೀ ಪ್ರಾಮಿಸ್ಡ್ ಗಾಡ್. ವೆನ್ ಐ ಗೆಟ್ ಬೆಟರ್ ಶೀ ವಿಲ್ ಈಟ್ ಡಿನ್ನರ್.”

ಗಾನವಿ ಕೈಯಲ್ಲಿದ್ದ ಸೌಟು ಪಾತ್ರೆಗೆ ಹಾಕಿದಳು.

“ಏನತ್ತೆ ಇದು? ಮಗು ತಲೇಲಿ ಏನು ತುಂಬ್ತಿದೀರಿ?”

“ಕೇಳಿತು, ಹೇಳೇನಿ.”

“ನೀವು ಊಟ ಬಿಟ್ರೆ ಅವಳ ಲಂಗ್ಸ್ ಸರಿಹೋಗುತ್ತಾ? ಡಾಕ್ಟರು, ಔಷಧಿ ಎಲ್ಲ ಸುಳ್ಳಾ?”

“ಔಷಧಿ ನೀ ಕೊಡು, ಬ್ಯಾಡ ಅಂದವರ‍್ಯಾರು? ತಪ್ಪು ಮಾಡಿದಾಕಿ ನಾನು. ತೀರಸಬೇಕಾದಾಕೀನೂ ನಾನಽ.”

“ಏಳು ವರ್ಷದಿಂದಾನಾ?”

“ಅವತ್ತಿನಿಂದ.”

“ಇದು ಹರಕೆ ಅಲ್ಲ ಅತ್ತೆ, ನನಗೆ ಶಿಕ್ಷೆ. ದಿನಾ ಸಂಜೆ ಎದುರಿಗೆ ಕೂತ್ಕೊಂಡು ‘ನೋಡು, ನೀನು ಅಂದಿದ್ದಕ್ಕೆ ಹೀಗಿದೀನಿ’ ಅಂತ ತೋರಿಸ್ತಿದೀರಿ.”

“ನಿನಗ ತೋರಸಾಕ ಮಾಡಿದ್ರ ಸಿಡ್ನಿಯೊಳಗ ಯಾರಿಗೆ ತೋರಸ್ತಿದ್ದೆ?” ಬಸಕ್ಕನ ದನಿಯೂ ಏರಿತು. “ಆರು ಮನಿ ತನಕ ಓಡ್ಯಾಳ ಕೂಸು. ಮೊದಲ ಮೂರಕ್ಕ ನಿಂತುಬಿಡ್ತಿತ್ತು. ದೇವರು ಕಣ್ಣು ಬಿಟ್ಟಾನ ಅಂತ ನಾ ಅನ್ಕೊಂಡ್ರ...”

“ಓಡಿಸ್ತಿದೀರಾ ಅವಳನ್ನ?”

ಸಂಕೇತ ಎದ್ದು ಡಿಶ್‌ವಾಷರ್ ತುಂಬತೊಡಗಿದ. ತಟ್ಟೆಗಳ ಸದ್ದು ಬೇಕಾದದ್ದಕ್ಕಿಂತ ಹೆಚ್ಚಾಗಿತ್ತು. ಪ್ರಾರ್ಥನಾ ಎರಡೂ ಕಿವಿಗೆ ಕೈಯಿಟ್ಟುಕೊಂಡು, “ಐ ಕ್ಯಾನ್ ಡೂ ಸಿಕ್ಸ್! ಐ ಕ್ಯಾನ್ ಡೂ ಸೆವೆನ್!” ಎಂದು ಒಡಕು ದನಿಯಲ್ಲಿ ಕೂಗಿದಳು. ಕೂಗಿದ್ದಕ್ಕೇ ಕೆಮ್ಮು ಹತ್ತಿ, ಪಫರ್ ತರಬೇಕಾಯಿತು. ತಂದವಳು ಬಸಕ್ಕ. ಕೊಟ್ಟವಳು ಗಾನವಿ, ಅತ್ತೆಯ ಕೈಯಿಂದ ಕಸಿದುಕೊಂಡು ಕೊಟ್ಟಳು.

ಮಾರನೆಯ ದಿನದಿಂದ ಗಾನವಿ ಮನೆಯಿಂದಲೇ ಕೆಲಸ ಮಾಡಲು ಮ್ಯಾನೇಜರ ಪರ್ಮಿಷನ್ ತೆಗೆದುಕೊಂಡಳು. ಅತ್ತೆ ಸೊಸೆ ಒಂದೇ ಮನೆಯಲ್ಲಿ ಇಡೀ ದಿನ ಇದ್ದು, ‘ಹಾಲು ಮುಗಿದಿದೆ’, ‘ಕಸದ ಬಿನ್ ಹೊರಗಿಡಬೇಕು’ ಎನ್ನುವಷ್ಟೇ ಮಾತಾಡಿದರು. ಶಾಲೆಯ ದಾರಿಯ ಓಟ ನಿಂತಿತು.

ಐದನೆಯ ವಾರ ಕ್ಲೇಟನ್ ಆಸ್ಪತ್ರೆಯ ಅಪಾಯಿಂಟ್‌ಮೆಂಟು ಇತ್ತು. ಟಾರ್ನೀಟ್ ಊರಿನ ಈ ತುದಿ, ಕ್ಲೇಟನ್ ಆ ತುದಿ. ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಕ್ಲೇಟನ್ನಿನಲ್ಲಿ ರೆಂಟ್‌ಗೆ ಇದ್ದರು. ಮಗಳ ಫೈಲು ಅಲ್ಲೇ ಉಳಿದಿತ್ತು. ಹೀಗೆ ಬಲು ಬೇಗ ಹುಟ್ಟಿ ತಿಂಗಳುಗಟ್ಟಲೆ ಯಂತ್ರದ ಉಸಿರಲ್ಲಿ ಬದುಕಿದ ಮಕ್ಕಳನ್ನು ಎಂಟರ ಹೊತ್ತಿಗೆ ಪೂರ್ತಿಯಾಗಿ ಪರೀಕ್ಷೆ ಮಾಡುತ್ತಾರೆ. ಅದುವರೆಗೆ ‘ಚಿಕ್ಕವಳು, ಸರಿಯಾಗಿ ಊದಲಾರಳು, ಕಾದು ನೋಡೋಣ’ ಎಂದೇ ಹೇಳುತ್ತ ಬಂದಿದ್ದರು. ಆ ‘ಕಾದು ನೋಡೋಣ’ದ ಮೇಲೆ ಗಾನವಿ ಏಳು ವರ್ಷ ಬದುಕಿದ್ದಳು.

ಪ್ರಾರ್ಥನಾಳ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿ ಹತ್ತು ಮೇಣದಬತ್ತಿಗಳ ಚಿತ್ರ. ಊದಿದ ಉಸಿರಿಗೆ ತಕ್ಕಂತೆ ಅವು ಆರಬೇಕು. ನಾಲ್ಕು ಸಲ ಊದಿದಳು. ಕುತ್ತಿಗೆಯ ನರ ಉಬ್ಬಿ, ಕಣ್ಣು ಕೆಂಪಾಗಿ, ಕನ್ನಡಕ ಜಾರಿತು. ಯಾವ ಸಲವೂ ಐದಕ್ಕಿಂತ ಹೆಚ್ಚು ಆರಲಿಲ್ಲ.

ನರ್ಸ್ ಮಗುವನ್ನು ಆಟದ ಕೋಣೆಗೆ ಕರೆದೊಯ್ದ ಮೇಲೆ ಡಾಕ್ಟರು ಮಾತಾಡಿದರು. ನರೆತ ಕೂದಲಿನ, ನಿಧಾನದ ಹೆಂಗಸು.

“ಈ ವಯಸ್ಸಿಗೆ, ಈ ಎತ್ತರಕ್ಕೆ ಇರಬೇಕಾದದ್ದು ನೂರು ಅಂದುಕೊಳ್ಳಿ. ಪ್ರಾರ್ಥನಾಳದ್ದು ಐವತ್ತೆಂಟು.”

“ಬೆಳೀತಾ ಬೆಳೀತಾ ಸರಿಹೋಗುತ್ತಲ್ವಾ?” ಎಂದು ಗಾನವಿ ಕೇಳಿದಳು.

“ಅವಳು ಬೆಳೆದ ಹಾಗೆ ಶ್ವಾಸಕೋಶವೂ ಬೆಳೆಯುತ್ತದೆ. ಆದರೆ ಬೇರೆ ಮಕ್ಕಳನ್ನು ಅದು ಹಿಡಿಯುತ್ತದೆ ಎಂದು ನಾನು ಹೇಳಲಾರೆ. ಎಲ್ಲರ ಶ್ವಾಸಕೋಶವೂ ಇಪ್ಪತ್ತೈದರ ಸುಮಾರಿಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇವಳು ಇಳಿಯಲು ಶುರುಮಾಡುವುದು ಕೆಳಗಿನ ಮೆಟ್ಟಿಲಿನಿಂದ. ಓದುತ್ತಾಳೆ, ಕೆಲಸ ಮಾಡುತ್ತಾಳೆ, ಅದರಲ್ಲಿ ಸಂಶಯ ಬೇಡ. ಸಿಗರೇಟು ಜನ್ಮದಲ್ಲಿ ಮುಟ್ಟಬಾರದು. ಪ್ರತಿ ವರ್ಷ ಫ್ಲೂ ಲಸಿಕೆ. ಮತ್ತೆ, ಓಡಲಿ ಬಿಡಿ. ಸಾಕು ಅನ್ನಿಸಿದಾಗ ಅವಳೇ ನಿಲ್ಲುತ್ತಾಳೆ.”

ಗಾನವಿ ಏಳು ವರ್ಷದಿಂದ ನಾಲಿಗೆಯ ಕೆಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. ಆ ಹೊಗೆ, ಆ ಐದು ನಿಮಿಷ ಇಲ್ಲದಿದ್ದರೆ ಎಷ್ಟಿರುತ್ತಿತ್ತು?

ಡಾಕ್ಟರು ಸಿಡ್ನಿಯ ಹಳೆಯ ಪತ್ರಗಳನ್ನು ಪರದೆಯ ಮೇಲೆ ತೆರೆದು ಓದಿದರು. ತಿರುಗಿ ಒಮ್ಮೆ ಓದಿದರು.

“ಇಷ್ಟೇ ಇರುತ್ತಿತ್ತು. ಮಗು ಮೊದಲ ಸಲ ಮನೆಗೆ ಹೋಗುವ ಮುಂಚೆಯೇ ಸ್ಕ್ಯಾನ್ ಮಾಡಿದ್ದಾರೆ; ಹಾನಿ ಆಗಲೇ ಆಗಿತ್ತು. ಹೊಗೆ ಒಳ್ಳೆಯದಲ್ಲ, ಆಕ್ಸಿಜನ್ ತೆಗೆಯಬಾರದಿತ್ತು. ಆದರೆ ಆ ಹನ್ನೊಂದು ದಿನಕ್ಕೆ ಕಾರಣ ವೈರಸ್. ಮೂಗಿನ ಪರೀಕ್ಷೆಯಲ್ಲಿ ಸಿಕ್ಕಿದೆ. ಹೊಗೆ ಇಲ್ಲದಿದ್ದರೂ ಅಂದೋ ಮಾರನೆಯ ದಿನವೋ ಆಸ್ಪತ್ರೆಗೆ ಬರಬೇಕಾಗುತ್ತಿತ್ತು. ಇಪ್ಪತ್ತನಾಲ್ಕು ವಾರದ ಶ್ವಾಸಕೋಶ, ನಲವತ್ತಾರು ದಿನದ ಯಂತ್ರ. ಅವಳನ್ನು ಉಳಿಸಿದ ಯಂತ್ರವೇ ಗಾಯವನ್ನೂ ಮಾಡಿತು. ಬೇರೆ ದಾರಿ ಇರಲಿಲ್ಲ. ಇದು ಯಾರ ತಪ್ಪೂ ಅಲ್ಲ.” ಆಮೇಲೆ, “ಈ ಪತ್ರದ ಪ್ರತಿಯನ್ನು ಆಗಲೇ ನಿಮಗೂ ಕಳಿಸಿದ್ದಾರಲ್ಲ?” ಎಂದರು.

ಗಾನವಿ ಗಂಡನ ಕಡೆ ತಿರುಗಿದಳು. ಅವನು ತನ್ನ ಬೂಟು ನೋಡುತ್ತಿದ್ದ.

ಕಾರು ವೆಸ್ಟ್‌ಗೇಟ್ ಸೇತುವೆ ಹತ್ತಿತು. ಪ್ರಾರ್ಥನಾ ಹಿಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಹೋಗಿದ್ದಳು.

“ಗೊತ್ತಿತ್ತಾ ನಿಂಗೆ?”

“ಪತ್ರ ಬಂದಿತ್ತು.”

“ಏಳು ವರ್ಷ, ಸಂಕೇತ್! ಏಳು ವರ್ಷ ನಿಮ್ಮಮ್ಮನ್ನ ನಾನು ಕೊಲೆಗಾತಿ ಹಾಗೆ ನೋಡಿದೀನಿ. ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ನಿನ್ನ ಮೇಲೆ ಹಾಕ್ಕೋತಿದ್ದೆ.”

ಅದು ನಿಜವೇ. ಹೆರಿಗೆಯಾದ ದಿನ ಬೆಳಿಗ್ಗೆಯಿಂದಲೇ ಗಾನವಿಗೆ ಸೊಂಟ ಹಿಡಿದು ನೋಯುತ್ತಿತ್ತು. ಆದರೂ ನಾರ್ತ್ ಸಿಡ್ನಿಗೆ ಟ್ರೇನಿನಲ್ಲಿ ನಿಂತುಕೊಂಡೇ ಹೋಗಿ, ಕ್ಲೈಂಟ್ ಮೀಟಿಂಗು ಮುಗಿಸಿ, ಮಧ್ಯಾಹ್ನ ಟಾಯ್ಲೆಟ್ಟಿಗೆ ಹೋದಾಗ ರಕ್ತ ಕಂಡಿತ್ತು. ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದರೆ ಎಂದು ಅವಳು ಗಂಡನನ್ನು ಎಷ್ಟು ಸಲ ಕೇಳಿದ್ದಳೋ. ಲೋಬಾನದ ಘಟನೆ ಆದ ಮೇಲೆ ಒಮ್ಮೆಯೂ ಕೇಳಿರಲಿಲ್ಲ.

“ಆಗ ನೀನು ನಿದ್ದೆ ಮಾಡ್ತಿರ್ಲಿಲ್ಲ, ಊಟ ಮಾಡ್ತಿರ್ಲಿಲ್ಲ,” ಎಂದ ಸಂಕೇತ. “ಅವ್ವನ ಮೇಲೆ ಸಿಟ್ಟು ಬಂದ ಮೇಲೆ ಎದ್ದು ನಿಂತೆ. ಅವ್ವ ಗಟ್ಟಿ ಅದಾಳ, ತಡ್ಕೋತಾಳ ಅನ್ಕೊಂಡೆ.”

“ತಡ್ಕೊಂಡ್ರು ನೋಡು. ದಿನಾ ಒಂದು ಹೊತ್ತು ಉಪವಾಸ ಬಿದ್ದು ತಡ್ಕೊಂಡ್ರು. ಥೂ, ನಿನ್ನ ಒಳ್ಳೇತನಕ್ಕೆ ಬೆಂಕಿ ಬೀಳ.”

ಮನೆಗೆ ಬಂದ ದಿನ ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಏನಂದ್ರು ಡಾಕ್ಟರು?” ಎಂದು ಬಸಕ್ಕ ಬಾಗಿಲಲ್ಲೇ ಕೇಳಿದರೆ, “ರಿಪೋರ್ಟ್ ಬರ್ಬೇಕು ಅತ್ತೆ” ಎಂದು ಸುಳ್ಳು ಹೇಳಿದಳು. ಶನಿವಾರ ಬೆಳಿಗ್ಗೆ ಸಂಕೇತ ಮಗಳನ್ನು ಈಜಿನ ಕ್ಲಾಸಿಗೆ ಕರೆದೊಯ್ದ. ಬಸಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪ್ರಮೋದನ ಮನೆಯವರು ಬೆಳಗಾವಿಯಿಂದ ವಾಪಸು ಬರಲು ಐದು ದಿನ ಉಳಿದಿತ್ತು.

“ಅತ್ತೆ, ಕೈ ಬಿಟ್ಟು ಇಲ್ಲಿ ಕೂತ್ಕೊಳ್ಳಿ.”

“ಹಿಟ್ಟು ನಾದೇನಿ, ಆರತೈತಿ. ನೀ ಹೇಳು.”

ಗಾನವಿ ನಿಂತೇ ಹೇಳಿದಳು. ವೈರಸ್, ಸ್ಕ್ಯಾನು, ನಲವತ್ತಾರು ದಿನ, ಸಂಕೇತ ಮುಚ್ಚಿಟ್ಟ ಪತ್ರ, ಎಲ್ಲ. ಹೇಳುತ್ತ ಹೇಳುತ್ತ ಅತ್ತು, “ನಿಮ್ಮಿಂದ ಆಗಿದ್ದಲ್ಲ ಅತ್ತೆ. ಅವತ್ತೂ ನಿಮ್ಮಿಂದ ಆಗಿರ್ಲಿಲ್ಲ. ತಪ್ಪಾಯ್ತು ನಂದು” ಎಂದು ಅತ್ತೆಯ ಕಾಲಿಗೆ ಬಗ್ಗಿದಳು.

ಬಸಕ್ಕ ಹಿಟ್ಟಿನ ಕೈಯನ್ನು ದೂರ ಹಿಡಿದು ಮೊಣಕೈಯಿಂದ ಸೊಸೆಯ ಹೆಗಲು ಎತ್ತಿದಳು. ಗಾನವಿ ಎಣಿಸಿದ್ದಂತೆ ಅವಳ ಮುಖದ ಮೇಲೆ ಸಮಾಧಾನ ಕಾಣಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು.

“ಹಂಗಾರ ಯಾರಿಂದ ಆತು?”

“ಯಾರಿಂದಲೂ ಅಲ್ಲ. ಬೇಗ ಹುಟ್ಟಿದಳಲ್ಲ, ಅದಕ್ಕೆ. ಯಾರ ತಪ್ಪೂ ಅಲ್ಲ ಅಂದ್ರು.”

“ಮುಂದ ಆರಾಮ ಆಗತೈತೇನು?”

ಗಾನವಿ ಇಲ್ಲವೆಂದು ತಲೆಯಾಡಿಸಿದಳು. “ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆಯಂತೆ. ಬೇರೆ ಮಕ್ಕಳ ಹಾಗೆ ಆಗಲ್ಲವಂತೆ.”

“ಆರು ಮನಿ ತನಕ ಓಡಿತ್ತಲ್ಲ ಕೂಸು.”

“ಅಭ್ಯಾಸಕ್ಕೆ ಓಡಿರ್ತಾಳೆ ಅತ್ತೆ. ಓಡಲಿ ಅಂದ್ರು ಅವರೂ. ಆದ್ರೆ ಲಂಗ್ಸ್ ಅಷ್ಟೇ.”

ಬಸಕ್ಕ ಒಲೆ ಆರಿಸಿ, ಸ್ಟೂಲಿನ ಮೇಲೆ ಕೂತಳು. ಏಳು ವರ್ಷದಲ್ಲಿ ಯಾರ ಎದುರಿಗೂ ಅಳದವಳು ಈಗ ಸೆರಗು ಹಿಡಿಯಲೂ ಆಗದ ಹಿಟ್ಟಿನ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಅತ್ತಳು.

“ಬ್ಯಾಡವಾ, ನಂದಽ ತಪ್ಪು ಅಂತ ಇರ್ಲಿ ಬಿಡು.”

“ಅಲ್ಲ ಅಂತ ಡಾಕ್ಟರೇ...”

“ಡಾಕ್ಟರಿಗೆ ಏನ್ ಗೊತ್ತೈತಿ? ನನ್ನ ತಪ್ಪಾಗಿದ್ರ ನಾ ತೀರಸತಿದ್ದೆ. ಏಳು ವರ್ಷ ತೀರಸೇನಿ, ಇನ್ನಾ ಹತ್ತು ವರ್ಷ ತೀರಸತಿದ್ದೆ. ಒಂದಿನ ದೇವರು ಸಾಕು ಬಿಡು ಮುದುಕಿ ಅಂತಿದ್ದ. ಯಾರದೂ ಅಲ್ಲ ಅಂದ್ರ ಅದನ್ನ ಯಾರ್ ತೀರಸಬೇಕು? ಏನಂತ ಬೇಡಿಕೊಳ್ಳಲಿ ನಾನು?”

ತಾನೂ ಇಷ್ಟು ವರ್ಷ ಮಾಡಿದ್ದು ಇದನ್ನೇ ಎಂದು ಆಗ ಗಾನವಿಗೆ ಅರ್ಥವಾಯಿತು. ಅತ್ತೆಯ ಮೇಲೆ ಸಿಟ್ಟಿದ್ದಷ್ಟು ದಿನ, ಎಲ್ಲೋ ಒಂದು ಕಡೆ, ಕೆಟ್ಟದ್ದು ರಿಪೇರಿಯಾಗುತ್ತದೆ ಎಂಬ ಆಸೆಯೂ ಇತ್ತು. ಅವಳು ಒದ್ದೆ ಬಟ್ಟೆ ತಂದು ಅತ್ತೆಯ ಕೈ ಒರೆಸಿದಳು. ಉಳಿದ ಹಿಟ್ಟಿನ ರೊಟ್ಟಿಯನ್ನು ಇಬ್ಬರೂ ಸೇರಿ ಮುಗಿಸಿದರು. ಗಾನವಿ ಬಡಿದವು ಒಂದೂ ದುಂಡಗಾಗಲಿಲ್ಲ.

ಸಂಜೆ ಆರೂವರೆಗೆ ಊಟಕ್ಕೆ ಅಣಿ ಮಾಡಿದವನು ಸಂಕೇತ. ಮನೆಯಲ್ಲಿ ಏನೋ ನಡೆದಿದೆ ಎಂದು ಗೊತ್ತಾಗಿತ್ತು. ಏನೆಂದು ಕೇಳುವ ಧೈರ್ಯವಿರಲಿಲ್ಲ. ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಮೊಸರು. ಅಭ್ಯಾಸದಂತೆ ಮೂರು ತಟ್ಟೆ ಇಟ್ಟ. ಬಸಕ್ಕ ಸೋಫಾದಲ್ಲಿ ಕೂತಿದ್ದಳು.

ಗಾನವಿ ಮಗಳಿಗೆ ಬಡಿಸಿದಳು, ಗಂಡನಿಗೆ ಬಡಿಸಿದಳು. ತನ್ನ ತಟ್ಟೆ ತೆಗೆದು ಕಟ್ಟೆಯ ಮೇಲಿಟ್ಟಳು.

“ಯಾಕೆ, ಹುಷಾರಿಲ್ವಾ?” ಎಂದ ಸಂಕೇತ.

“ಹಸಿವಿಲ್ಲ.”

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು.”

“ಬೇಡ ಅಂದೆನಲ್ಲ. ಇನ್ಮೇಲೆ ಸಂಜೆ ನಂಗೆ ಹಾಕ್ಬೇಡ.”

ಸೋಫಾದಲ್ಲಿದ್ದ ಬಸಕ್ಕ ತಲೆ ಎತ್ತಿದಳು. ಒಪ್ಪೊತ್ತಿನ ಮುಖ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಏ ಹುಚ್ಚಿ, ಏನ್ ಮಾಡಾಕತ್ತೀ?”

“ಏನಿಲ್ಲ ಅತ್ತೆ.”

“ನಿನಗ್ಯಾಕ ಇದೆಲ್ಲ? ದುಡಿಯಾಕಿ, ಕೂಸಿನ ಹಿಂದ ಓಡ್ಯಾಡಾಕಿ. ನಾ ಮುದುಕಿ, ನಡೀತು. ಉಣ್ಣು.”

“ನೀವು ಇಷ್ಟು ವರ್ಷ ಮಾಡಿದ್ರಿ. ಇನ್ನು ನಾನು...”

ಬಸಕ್ಕ ಮಂಡಿಯ ಮೇಲೆ ಕೈಯೂರಿ ಎದ್ದಳು. ಕಟ್ಟೆಯ ಮೇಲಿದ್ದ ತಟ್ಟೆಯನ್ನು ತಂದು ಸೊಸೆಯ ಮುಂದಿಟ್ಟಳು. ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು ಅದರ ಪಕ್ಕದಲ್ಲೇ ಇಟ್ಟು ಕುರ್ಚಿ ಎಳೆದಳು.

“ನಾ ಉಣ್ತೀನಿ. ನೀನೂ ಉಣ್ಣು. ಮುಗೀತಿದು.”

“ಅವ್ವಾ...” ಎಂದ ಸಂಕೇತ.

“ನೀ ಮಾತಾಡಬ್ಯಾಡ. ಆಡಬೇಕಾದಾಗ ಆಡಲಿಲ್ಲ.” ಅವಳು ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟಳು. ಅದನ್ನು ನೋಡಿ ಗಾನವಿಯೂ ತುತ್ತು ಎತ್ತಿಕೊಂಡಳು. ಇಬ್ಬರ ಕಣ್ಣೂ ತಟ್ಟೆಯ ಮೇಲಿತ್ತು.

ಪ್ರಾರ್ಥನಾ ಅಜ್ಜಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಅವಳ ಮುಖ ನಿಧಾನವಾಗಿ ಅರಳಿತು. ಕುರ್ಚಿಯ ಮೇಲೆ ಮೊಣಕಾಲೂರಿ ಮೇಲೆದ್ದಳು.

“ಅಜ್ಜಿ! ಯೂ ಆರ್ ಈಟಿಂಗ್ ಡಿನ್ನರ್! ಸೋ ಐ ಆ್ಯಮ್ ಬೆಟರ್ ನೌ?”

ಸಂಕೇತ ಹೆಂಡತಿಯನ್ನು ನೋಡಿದ. ಗಾನವಿ ಅತ್ತೆಯನ್ನು ನೋಡಿದಳು. ಬಸಕ್ಕ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ, ಮೊಮ್ಮಗಳ ಕಡೆ ನೋಡುತ್ತಾ ಹೌದೆಂದು ತಲೆಯಾಡಿಸಿದಳು.